ಮೊಮ್ಮಗಳು ಹಾಡಿದ ಜಪಾನಿ ಹಾಡು ಕೇಳಿ ಅಳು ಬಂತು, ಯಾಕೆ?

ಪ್ರಶ್ನೆ: ನಾನು ಶಿವಮೊಗ್ಗದವಳು, ವಯಸ್ಸು ಅರವತ್ತು ದಾಟಿದೆ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತಿದ್ದೆ. ಈಗ ನಮ್ಮ ಬಡಾವಣೆಯ ಮಹಿಳಾ ಮಂಡಳಿಯಲ್ಲಿ ಭಜನೆ ಹೇಳಿಕೊಡುತ್ತೇನೆ. ಮಗ, ಸೊಸೆ ಜಪಾನಿನ ನಗೋಯಾದಲ್ಲಿದ್ದಾರೆ, ಮೊಮ್ಮಗಳು ಅಲ್ಲಿನ ಶಾಲೆಗೇ ಹೋಗುತ್ತಾಳೆ. ಮೊನ್ನೆ ವಿಡಿಯೊ ಕಾಲ್‌ನಲ್ಲಿ ಶಾಲೆಯಲ್ಲಿ ಕಲಿತ ಹಾಡೊಂದನ್ನು ಹಾಡಿದಳು. ಅರಾಶಿ ಎಂಬ ಗಂಡುಹುಡುಗರ ತಂಡದ 'ಫುರುಸತೊ' ಅಂತೆ. ಹುಟ್ಟೂರಿನ ಹಾಡು ಎಂದಷ್ಟೇ ಹೇಳಿದಳು. ಒಂದು ಪದವೂ ತಿಳಿಯದಿದ್ದರೂ ನನಗೆ ಗಂಟಲು ಕಟ್ಟಿ ಬಂತು. ಪಕ್ಕದ ಮನೆಯ ಸಂಗೀತದ ಮೇಷ್ಟ್ರು 'ಅದು ನಮ್ಮ ಮೋಹನ ರಾಗ, ಅವರು ನಮ್ಮಿಂದ ತೆಗೆದುಕೊಂಡದ್ದು' ಎನ್ನುತ್ತಾರೆ. ಮಗ 'ನೂರು ವರ್ಷದ ಹಳೆಯ ಹಾಡನ್ನೇ ಇವರು ಹೊಸದಾಗಿ ಹಾಡಿದ್ದಾರೆ' ಎನ್ನುತ್ತಾನೆ. ಯಾರದು ಸರಿ? ಮಂಡಳಿಯ ವಾರ್ಷಿಕೋತ್ಸವದಲ್ಲಿ ಇದನ್ನು ಹಾಡಿಸಬೇಕೆಂಬ ಆಸೆ ಇದೆ. ಕನ್ನಡದಲ್ಲಿ ಸಾಹಿತ್ಯ ಬರೆದುಕೊಳ್ಳಬಹುದೇ? ಇನ್ನೊಂದು, ಹೇಳಲು ಸಂಕೋಚ. ಮಗು ಬೇರೆ ನಾಡನ್ನು ತನ್ನ ಊರು ಅಂತ ಹಾಡುತ್ತಿದ್ದಾಳಲ್ಲ, ನಮ್ಮ ಊರು ಅವಳ ಮನಸ್ಸಿನಿಂದ ಹೋಗಿಬಿಡುತ್ತದೆಯೇ?

ಉತ್ತರ: ಅಳುವಿನ ವಿಚಾರ ಮೊದಲು ಮುಗಿಸೋಣ. ಗಾಬರಿಪಡುವಂಥದ್ದು ಏನೂ ಇಲ್ಲ. ವೃಂದಗಾನ ಕಲಿಸುವ ನನ್ನ ಕೆಲಸದಲ್ಲಿ, ಭಾಷೆ ತಿಳಿಯದ ಹಾಡಿಗೆ ಕಣ್ಣೊರೆಸಿಕೊಂಡವರನ್ನು ಎಷ್ಟೋ ಸಲ ನೋಡಿದ್ದೇನೆ, ಅದರಲ್ಲೂ ಕಿವಿ ಪಳಗಿದವರನ್ನು. ದೂರದಲ್ಲಿರುವ ಮೊಮ್ಮಗಳ ದನಿ ಅರ್ಧ ಕೆಲಸ ಮಾಡಿತು ಎನ್ನುವುದನ್ನು ನಾನು ಹೇಳಬೇಕಿಲ್ಲ. ಉಳಿದರ್ಧ ಹಾಡಿನದು. ಕೇಳುವವರಿಗೆ ಊರು ನೆನಪಾಗಲೆಂದೇ ಲೆಕ್ಕ ಹಾಕಿ ಕಟ್ಟಿದ ಹಾಡು ಅದು, ಕಟ್ಟಿದವರು ಕೆಲಸ ಬಲ್ಲವರು.

ನಿಮ್ಮ ಮಗನ ಮಾತು ಸರಿಯಿಲ್ಲ, ಆದರೆ ಜಪಾನಿನಲ್ಲೂ ಒಂದು ಹಾಡಿನ ಮಾತು ಬಂದಾಗ ಇನ್ನೊಂದು ನೆನಪಾಗುವಷ್ಟು ಎರಡರ ಹೆಸರು ಒಂದೇ. ಹಳೆಯ 'ಫುರುಸತೊ' 1914ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆಯ ಆರನೇ ತರಗತಿಯ ಹಾಡಿನ ಪುಸ್ತಕದಲ್ಲಿ ಬಂದದ್ದು. ಸಾಹಿತ್ಯ ತಕಾನೊ ತತ್ಸುಯುಕಿ ಅವರದು, ಸಂಗೀತ ಒಕಾನೊ ತೇಯಿಚಿ ಅವರದು ಎಂದು ಹೇಳುತ್ತಾರೆ. ಆಗ ಪುಸ್ತಕದಲ್ಲಿ ಕರ್ತೃಗಳ ಹೆಸರು ಹಾಕುತ್ತಿರಲಿಲ್ಲ. ಆ ಗುಡ್ಡದಲ್ಲಿ ಮೊಲ ಅಟ್ಟಿದೆವು, ಆ ಹೊಳೆಯಲ್ಲಿ ಮೀನು ಹಿಡಿದೆವು, ಅಪ್ಪ ಅಮ್ಮ ಹೇಗಿದ್ದಾರೋ ಎಂದು ಸಾಗುವ ಹಾಡು, ಅಂದುಕೊಂಡದ್ದನ್ನು ಸಾಧಿಸಿ ಒಂದು ದಿನ ಮರಳುವೆ ಎಂಬಲ್ಲಿ ನಿಲ್ಲುತ್ತದೆ.

ಅರಾಶಿಯವರದು ಬೇರೆಯದೇ ಹಾಡು. ಮೊದಲು ಕೇಳಿಬಂದದ್ದು 2010ರ ಡಿಸೆಂಬರ್ 31ರ ರಾತ್ರಿ, ಎನ್‌ಎಚ್‌ಕೆ ವಾಹಿನಿಯ 'ಕೋಹಾಕು' ಗಾಯನ ಕಾರ್ಯಕ್ರಮದಲ್ಲಿ. ಆ ವರ್ಷ ಬಿಳಿ ತಂಡದ, ಅಂದರೆ ಗಂಡಸರ ತಂಡದ, ನಿರೂಪಣೆಯೂ ಅರಾಶಿಯದೇ. ಸಾಹಿತ್ಯ ಕೊಯಾಮಾ ಕುಂದೊ ಅವರದು. 2009ರಲ್ಲಿ ಆಸ್ಕರ್ ಪಡೆದ ಜಪಾನಿ ಚಿತ್ರಕ್ಕೆ ಚಿತ್ರಕಥೆ ಬರೆದವರು ಇವರೇ. ಸಂಗೀತ ಯೂತ್ ಕೇಸ್ ಎಂಬ ಹೆಸರಿನಲ್ಲಿ ಬರೆಯುವವರದು. ಈ ಹಾಡಿನಲ್ಲಿ ಸಾಧನೆ, ಶಪಥ ಯಾವುದೂ ಇಲ್ಲ. ಮುಸ್ಸಂಜೆಯ ಆಕಾಶದಲ್ಲಿ ಮೋಡವೊಂದು ರೈಲಿನಂತೆ ಕಾಣುತ್ತದೆ, ಊರಿನ ವಾಸನೆ ನೆನಪಾಗುತ್ತದೆ, ಅಲ್ಲಿ ಯಾರೋ ಕಾಯುತ್ತಿದ್ದಾರೆ. ಬೆಟ್ಟ, ಗಾಳಿ, ಕಡಲಿನ ಬಣ್ಣ ಬರುತ್ತವೆ, ಯಾವ ಬೆಟ್ಟ ಎಂದು ಹೇಳುವುದಿಲ್ಲ. ಹಳೆಯ ಹಾಡಿನ ಮಗ ಗೆದ್ದು ಬರಬೇಕಿತ್ತು. ಇಲ್ಲಿ ಬರಿಗೈಯಲ್ಲಿ ಬಂದರೂ ಆಗುತ್ತದೆ. ನನಗೆ ಎರಡನೆಯದೇ ಹೆಚ್ಚು ಇಷ್ಟ.

ಗುರುತು ಹಿಡಿಯುವುದು ಸುಲಭ. ಹಳೆಯದು ಮೂರೆಣಿಕೆಯ ನಡೆ, ಹೊಸದು ನಾಲ್ಕೆಣಿಕೆ. ಮೊಮ್ಮಗಳು ಹಾಡುವಾಗ ತೊಡೆಯ ಮೇಲೆ ತಾಳ ಹಾಕಿ ನೋಡಿ.

ಶಾಲೆಗೆ ಈ ಹಾಡು ಬಂದ ದಾರಿಯೂ ಗೊತ್ತಿರಲಿ. ಜಪಾನಿನ ಶಾಲೆಗಳ ವೃಂದಗಾನಕ್ಕೆ ಎನ್‌ಎಚ್‌ಕೆ ವರ್ಷವರ್ಷ ರಾಷ್ಟ್ರಮಟ್ಟದ ಸ್ಪರ್ಧೆ ನಡೆಸುತ್ತದೆ, ಪ್ರತಿ ವಿಭಾಗಕ್ಕೂ ಎಲ್ಲರೂ ಹಾಡಲೇಬೇಕಾದ ಒಂದು ಹಾಡು ಇರುತ್ತದೆ. 2013ರ 80ನೆಯ ಸ್ಪರ್ಧೆಯಲ್ಲಿ ಪ್ರಾಥಮಿಕ ಶಾಲೆಗಳಿಗೆ ಕೊಟ್ಟದ್ದು ಇದನ್ನೇ. ಟಿವಿಯ ಹಾಡು ಹೀಗೆ ಶಾಲೆಯ ಹಾಡೂ ಆಯಿತು. ಆ ಹೊತ್ತಿಗೆ ಇದಕ್ಕೆ ಇನ್ನೊಂದು ಭಾರವೂ ಸೇರಿತ್ತು. ಹಾಡು ಬಂದು ಮೂರು ತಿಂಗಳು ತುಂಬುವ ಮೊದಲೇ, 2011ರ ಮಾರ್ಚ್ 11ರಂದು ಈಶಾನ್ಯ ಜಪಾನಿನಲ್ಲಿ ಭೂಕಂಪ, ಸುನಾಮಿ, ಫುಕುಶಿಮಾದ ಅಣುಸ್ಥಾವರದ ದುರಂತ. ಊರಿಗೆ ಊರೇ ಕೊಚ್ಚಿಹೋಯಿತು. ಮನೆ ನಿಂತಿದ್ದರೂ ಒಳಗೆ ಕಾಲಿಡಲಾಗದೆ ಹೊರಟವರು ಎಷ್ಟೋ ಮಂದಿ. ಅದಾದ ಮೇಲೆ ಹುಟ್ಟೂರಿನ ಹಾಡನ್ನು ಯಾರೂ ಮೊದಲಿನಂತೆ ಕೇಳಲು ಸಾಧ್ಯವಿರಲಿಲ್ಲ. ಬರೆದವರಿಗೆ ಇದರ ಕಲ್ಪನೆಯೂ ಇರಲಿಲ್ಲ. ಊರಿನ ಹೆಸರು ಹಾಕದೆ ಬಿಟ್ಟದ್ದರಿಂದ ಆ ದುಃಖಕ್ಕೂ ಹಾಡಿನಲ್ಲಿ ಜಾಗ ಸಿಕ್ಕಿತು.

ಈಗ ಮೇಷ್ಟ್ರ ಮೋಹನ. ಅವರ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿದೆ, ತೀರ್ಪು ಮಾತ್ರ ಅವಸರದ್ದು. ಜಪಾನಿನಲ್ಲಿ 'ಯೊನಾನುಕಿ' ಎಂಬ ಸ್ವರಗುಚ್ಛವಿದೆ. ಏಳು ಸ್ವರಗಳಲ್ಲಿ ನಾಲ್ಕನೆಯದನ್ನೂ ಏಳನೆಯದನ್ನೂ ಬಿಟ್ಟರೆ ಉಳಿಯುವುದು ಸ ರಿ ಗ ಪ ದ. ಸ್ವರಗಳ ಲೆಕ್ಕದಲ್ಲಿ ಮೋಹನವೇ. 'ವರವೀಣಾ ಮೃದುಪಾಣಿ' ಗೀತೆಯಿಂದ ಶುರುಮಾಡಿದ ನಿಮ್ಮಂಥವರಿಗೆ ಜಪಾನಿನ ಎಷ್ಟೋ ಹಾಡು ಪರಿಚಿತ ಅನ್ನಿಸುವುದು ಇದರಿಂದ. ಹಾಗೆಂದು ನಮ್ಮಿಂದ ಹೋಯಿತು ಎನ್ನಲಾಗದು. ಈ ಐದು ಸ್ವರ ಚೀನಾದಲ್ಲೂ ಇದೆ, ಸ್ಕಾಟ್ಲೆಂಡಿನಲ್ಲೂ ಇದೆ. ಜಪಾನಿನ ಶಾಲಾ ಹಾಡುಗಳ ಮಟ್ಟಿಗಂತೂ ಸ್ಕಾಟ್ಲೆಂಡಿನ ಸಾಲವೇ ಜಾಸ್ತಿ. 1880ರಲ್ಲಿ ಲೂಥರ್ ವೈಟಿಂಗ್ ಮೇಸನ್ ಎಂಬ ಅಮೆರಿಕದ ಸಂಗೀತ ಶಿಕ್ಷಕರನ್ನು ಸರ್ಕಾರ ಟೋಕಿಯೊಗೆ ಕರೆಸಿಕೊಂಡಿತು. ಅವರೂ ಜಪಾನಿನ ಶಿಕ್ಷಣಾಧಿಕಾರಿ ಇಸಾವಾ ಶುಜಿ ಅವರೂ ಸೇರಿ ಮೊದಲ ಶಾಲಾ ಹಾಡುಗಳ ಪುಸ್ತಕ ತಂದಾಗ ಅದರಲ್ಲಿ ಪಾಶ್ಚಾತ್ಯ ಮಟ್ಟುಗಳಿಗೆ ಜಪಾನಿ ಸಾಹಿತ್ಯ ಹಾಕಿದ ಹಾಡುಗಳು ತುಂಬ ಇದ್ದವು. ಐದು ಸ್ವರದ ಸ್ಕಾಟಿಶ್ ಮಟ್ಟುಗಳು ಜಪಾನಿ ಕಿವಿಗೆ ಒಗ್ಗಿದವು. ಇಂದಿಗೂ ಅಲ್ಲಿ ಅಂಗಡಿ ಮುಚ್ಚುವಾಗ, ಶಾಲೆಯ ಬೀಳ್ಕೊಡುಗೆಯಲ್ಲಿ, 'ಕೋಹಾಕು' ಮುಗಿಯುವಾಗ ಕೇಳಿಸುವ ಮಟ್ಟು ಸ್ಕಾಟ್ಲೆಂಡಿನದು.

ಭಾರತದ ನಂಟೇ ಇಲ್ಲವೇ ಎಂದರೆ ಇದೆ, ಬೇರೆ ಕಡೆ. ದಕ್ಷಿಣ ಭಾರತದ ಬ್ರಾಹ್ಮಣ ಭಿಕ್ಷು ಎಂದು ಅಲ್ಲಿನ ದಾಖಲೆಗಳು ಹೇಳುವ ಬೋಧಿಸೇನ 736ರಲ್ಲಿ ಜಪಾನ್ ತಲುಪಿ, 752ರಲ್ಲಿ ನಾರಾದ ತೋದಾಯ್‌ಜಿ ದೇವಾಲಯದ ಮಹಾಬುದ್ಧನ ಕಣ್ಣು ತೆರೆಸುವ ವಿಧಿ ನಡೆಸಿದ. ಅವನೂ ಜೊತೆಗೆ ಬಂದ ಚಂಪಾ ದೇಶದ (ಈಗಿನ ವಿಯೆಟ್ನಾಮಿನ ಭಾಗ) ಭಿಕ್ಷುವೂ ತಂದ ಸಂಗೀತ, ನೃತ್ಯಗಳು ಅರಮನೆಯ 'ಗಗಾಕು' ಸಂಗೀತದೊಳಗೆ ಸೇರಿಕೊಂಡವು ಎಂಬ ಪರಂಪರೆ ಇದೆ. ಮೇಷ್ಟ್ರಿಗೆ ಇದನ್ನು ಹೇಳಿ, ಖುಷಿಪಡುತ್ತಾರೆ. ಆದರೆ ಅರಾಶಿಯ ಹಾಡಿಗೂ ಇದಕ್ಕೂ ಸಂಬಂಧವಿಲ್ಲ.

ಅವರಿಗೆ ಇನ್ನೂ ಹೆಚ್ಚು ರುಚಿಸಬಹುದಾದ್ದು ಬೇರೆ ಸ್ವರಗುಚ್ಛಗಳು. ಒಕಿನಾವಾ ದ್ವೀಪಗಳ ಹಾಡುಗಳಲ್ಲಿ ಕೇಳುವ ಸ ಗ ಮ ಪ ನಿ ನಮ್ಮ ಗಂಭೀರನಾಟದ ಸ್ವರಗಳು. ಹಳ್ಳಿಹಾಡುಗಳ ಸ್ವರಗುಚ್ಛ ಶುದ್ಧ ಧನ್ಯಾಸಿಯ ಸ್ವರಗಳನ್ನೇ ಹಿಡಿಯುತ್ತದೆ. ಕೊತೊ ಎಂಬ ತಂತಿವಾದ್ಯದಲ್ಲಿ ಕೇಳುವ ವಿಷಾದದ ಗುಚ್ಛದಲ್ಲಿ ರಿಷಭ, ಧೈವತ ಎರಡೂ ಶುದ್ಧ, ಜೊತೆಗೆ ಶುದ್ಧ ಮಧ್ಯಮ. ಹಾರ್ಮೋನಿಯಂ ಮೇಲೆ ಒಂದೊಂದನ್ನೇ ನುಡಿಸಿ ನೋಡಲಿ. ಸ್ವರ ಒಂದೇ ಆದರೂ ರಾಗ ಒಂದಲ್ಲ ಎನ್ನುವುದು ಅವರಿಗೇ ಹೊಳೆಯುತ್ತದೆ. ಸ್ವರವನ್ನು ತೂಗಿಸುವ ಗಮಕವಿಲ್ಲದೆ, ರಾಗಕ್ಕೇ ಮೀಸಲಾದ ಸಂಚಾರವಿಲ್ಲದೆ ಮೋಹನ ಎಲ್ಲಿಯ ಮೋಹನ?

ಇನ್ನು ಆ ಹಾಡಿನೊಳಗೆ ನಡೆಯುವುದೇನು? ನಮ್ಮಲ್ಲಿ ತಂಬೂರಿ ಹಾಡು ಮುಗಿಯುವವರೆಗೆ ಸ, ಪ ಹಿಡಿದು ಕೂತಿರುತ್ತದೆ. ಅದರ ಮೇಲೆ ಗಾಂಧಾರ ನುಡಿದರೆ ಆ ಗಾಂಧಾರಕ್ಕೂ ಷಡ್ಜಕ್ಕೂ ಇರುವ ನಂಟು ಯಾವಾಗಲೂ ಒಂದೇ. ಜಪಾನಿನ ಇಂಥ ಹಾಡುಗಳಲ್ಲಿ ಕೆಳಗಿನ ನೆಲವೇ ಸರಿಯುತ್ತದೆ. ಹಾಡುಗಾರ ಗಾಂಧಾರದಲ್ಲಿ ನಿಂತಿದ್ದಾನೆ ಎನ್ನಿ. ಪಿಯಾನೊ ಮೊದಲು ಸ ಗ ಪ ಒತ್ತುತ್ತದೆ, ಗಾಂಧಾರ ನೆಮ್ಮದಿಯಾಗಿ ಕೇಳುತ್ತದೆ. ಆಮೇಲೆ ದ ಸ ಗ ಒತ್ತಿದರೆ ಅದೇ ಗಾಂಧಾರಕ್ಕೆ ಚಿಂತೆಯ ಛಾಯೆ ಬರುತ್ತದೆ. ಮ ದ ಸ ಒತ್ತಿದರೆ ಅದು ಆ ಗುಂಪಿಗೆ ಪೂರಾ ಸೇರದೆ ತುದಿಯಲ್ಲಿ ನಿಂತುಬಿಡುತ್ತದೆ. ಅದೇ ಮನೆಯನ್ನು ಬೆಳಗ್ಗೆ ನೋಡಿದ್ದಕ್ಕೂ ದೀಪ ಹಚ್ಚುವ ಹೊತ್ತಿಗೆ ನೋಡಿದ್ದಕ್ಕೂ ಇರುವ ವ್ಯತ್ಯಾಸ ಅದು. ಇದರ ಜೊತೆ, ಕೆಳಗಿನ ಮಂದ್ರ ಸ್ವರ ಸ, ನಿ, ದ, ಪ ಎಂದು ಒಂದೊಂದೇ ಇಳಿಯುತ್ತ ಹೋಗುವುದು ಜಪಾನಿನ ನಿಧಾನಗತಿಯ ಹಾಡುಗಳಲ್ಲಿ ತೀರಾ ಸಾಮಾನ್ಯ. ಮೇಲೆ ರಾಗ ನಿಂತಲ್ಲೇ ನಿಂತಿದೆ, ಕೆಳಗೆ ಏನೋ ಜಾರುತ್ತಿದೆ. ಷಡ್ಜವನ್ನು ಕಲ್ಲಿನಂತೆ ನಂಬಿ ಬೆಳೆದ ನಿಮ್ಮ ಕಿವಿಗೆ ಇದು ಬೇರೆಯವರಿಗಿಂತ ಹೆಚ್ಚೇ ತಟ್ಟುತ್ತದೆ ಎಂಬುದು ನನ್ನ ಅನುಭವ.

ದನಿಯ ಬಗ್ಗೆಯೂ ಒಂದು ಮಾತು. ಜಪಾನಿನಲ್ಲಿ ಒಬ್ಬೊಬ್ಬರು ಒಂದೊಂದು ಸ್ವರಪಂಕ್ತಿ ಹಿಡಿದು ಹಾಡುವ ಗಂಡಸರ ತಂಡಗಳೂ ಇವೆ. ವಾದ್ಯವಿಲ್ಲದೆ ಹಾಡುವ ಅವರ ಕಸುಬು ಕೇಳುವುದೇ ಚಂದ. ಅರಾಶಿಯ ದಾರಿ ಬೇರೆ. 1999ರಲ್ಲಿ ಶುರುವಾದ ಈ ಐವರ ತಂಡದಲ್ಲಿ ಒನೊ ಸತೋಶಿಯ ದನಿ ಉಳಿದವರಿಗಿಂತ ಪಳಗಿದ್ದು. ಆದರೂ ಮುಖ್ಯ ಭಾಗ ಬಂದಾಗ ಐವರೂ ಒಂದೇ ಸ್ವರದಲ್ಲಿ ಸೇರಿ ಹಾಡುವುದೇ ಅವರ ರೂಢಿಯಾಗಿತ್ತು. ದೊಡ್ಡ ಗಾಯಕರಲ್ಲದ ಐದು ಜನ ಒಟ್ಟಿಗೆ ಹಾಡಿದರೆ ಕೇಳುವವರಿಗೆ ತಾವೂ ಸೇರಿಕೊಳ್ಳಬಹುದು ಅನ್ನಿಸುತ್ತದೆ. ಭಜನೆ ಮಾಡಿಸುವ ನಿಮಗೆ ಇದನ್ನು ವಿವರಿಸಬೇಕೇ? ಶಾಲೆಯ ಮಕ್ಕಳಿಗೆ ಈ ಹಾಡು ಒಗ್ಗಿದ್ದೂ ಅದಕ್ಕೇ.

ಅಲ್ಲಿಯವರಿಗೆ ಊರಿನ ಹಂಬಲ ಇಷ್ಟು ಬೇಗ ಕೆರಳುವುದಕ್ಕೆ ಸಂಗೀತದ ಹೊರಗೂ ಕಾರಣಗಳಿವೆ. 1954ರಿಂದ 1975ರವರೆಗೆ, ಆಗತಾನೇ ಶಾಲೆ ಮುಗಿಸಿದ ಹಳ್ಳಿಯ ಮಕ್ಕಳನ್ನು ನಗರಗಳ ಕಾರ್ಖಾನೆ, ಅಂಗಡಿಗಳಿಗೆ ತುಂಬಿಕೊಂಡು ಹೋಗುವ ವಿಶೇಷ ರೈಲುಗಳು ಓಡುತ್ತಿದ್ದವು. ಉತ್ತರದ ಅಒಮೊರಿಯಿಂದ ಹೊರಟವು ಟೋಕಿಯೊದ ಉಎನೊ ನಿಲ್ದಾಣದಲ್ಲಿ ಅವರನ್ನು ಇಳಿಸುತ್ತಿದ್ದವು. ಹದಿನೈದರ ಹರೆಯದವರು. ಊರು ಬಿಟ್ಟು ಬಂದವರ ಹಾಡುಗಳು ಒಂದು ಇಡೀ ಪ್ರಕಾರವಾಗಿ ಬೆಳೆದದ್ದು ಆಗ. ಇನ್ನೊಂದು, ಸಂಜೆಯಾಗುತ್ತಿದ್ದಂತೆ ಅನೇಕ ಊರುಗಳಲ್ಲಿ ಧ್ವನಿವರ್ಧಕದಿಂದ ಒಂದು ಹಳೆಯ ಮಕ್ಕಳ ಹಾಡಿನ ಮಟ್ಟು ಕೇಳಿಸುತ್ತದೆ. ವಿಪತ್ತಿನ ಎಚ್ಚರಿಕೆ ಕೊಡುವ ವ್ಯವಸ್ಥೆ ಕೆಲಸ ಮಾಡುತ್ತಿದೆಯೇ ಎಂದು ನೋಡುವುದಕ್ಕೆ ಅದನ್ನು ಹಾಕುತ್ತಾರೆ, ಆಟವಾಡುವ ಮಕ್ಕಳು ಅದನ್ನು ಕೇಳಿ ಮನೆಗೆ ಓಡುತ್ತಾರೆ. ಮುಸ್ಸಂಜೆ, ಮನೆ, ಐದು ಸ್ವರದ ಮಟ್ಟು, ಮೂರೂ ಹೀಗೆ ಬಾಲ್ಯದಲ್ಲೇ ಹೆಣೆದುಕೊಂಡುಬಿಡುತ್ತವೆ. ಮುಸ್ಸಂಜೆಯಿಂದಲೇ ಹಾಡು ಶುರುಮಾಡಿದ ಕವಿಗೆ ಇದು ಗೊತ್ತಿತ್ತು. ನಿಮ್ಮ ಮೊಮ್ಮಗಳ ಬಡಾವಣೆಯಲ್ಲೂ ಅಂಥದ್ದು ಕೇಳಿಸುತ್ತದೆಯೇ, ಕೇಳಿ ನೋಡಿ.

ವಾರ್ಷಿಕೋತ್ಸವಕ್ಕೆ ಬರೋಣ. ಜಪಾನಿಯಲ್ಲೇ, ಇದ್ದ ಹಾಗೆಯೇ ಹಾಡುವುದು ಒಂದು ದಾರಿ. ನಮ್ಮ ಕಾನೂನಿನಲ್ಲಿ ಹವ್ಯಾಸಿ ಸಂಘಗಳು ಹಣ ಕೊಡದ ಪ್ರೇಕ್ಷಕರ ಮುಂದೆ ಹಾಡುವುದಕ್ಕೆ ವಿನಾಯಿತಿ ಇದೆ. ಟಿಕೆಟ್ ಇಟ್ಟರೆ, ಪ್ರಾಯೋಜಕರು ಬಂದರೆ ಲೆಕ್ಕ ಬದಲಾಗುತ್ತದೆ, ಆಗ ತಿಳಿದವರನ್ನು ಕೇಳಿ. ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುವುದು ಬೇರೆಯೇ ವಿಷಯ, ಅದಕ್ಕೆ ಈ ವಿನಾಯಿತಿ ಸಾಲದು. ನೆಟ್ಟಿನಲ್ಲಿ ಸಿಗುವ ಕರೋಕೆ ಟ್ರ್ಯಾಕು ಕೂಡ ಯಾರದೋ ಧ್ವನಿಮುದ್ರಣ. ಕೀಬೋರ್ಡ್ ನುಡಿಸುವ ಹುಡುಗನೊಬ್ಬ ಸಿಕ್ಕಿದರೆ ಒಳ್ಳೆಯದು.

ಉಚ್ಚಾರಣೆಗೆ ಹೆದರಬೇಡಿ, ಕನ್ನಡ ಬಲ್ಲವರಿಗೆ ಇಲ್ಲಿ ಅನುಕೂಲ ಜಾಸ್ತಿ. ಜಪಾನಿಯಲ್ಲಿ ಎ–ಏ, ಒ–ಓ ವ್ಯತ್ಯಾಸ ಮುಖ್ಯ, ನಮ್ಮ ಲಿಪಿಯಲ್ಲಿ ಎರಡೂ ಇವೆ. ಒತ್ತಕ್ಷರವೂ ಇದೆ. ಅವರ ಹಾಡು ನಡೆಯುವುದು ಮಾತ್ರೆಯ ಲೆಕ್ಕದಲ್ಲಿ, ಬಹುಮಟ್ಟಿಗೆ ಮಾತ್ರೆಗೊಂದು ಸ್ವರ. ಫು-ರು-ಸ-ತೊ ನಾಲ್ಕೂ ಲಘು. ನಮ್ಮವರು ರೂಢಿಯಲ್ಲಿ 'ಸಾ' ಎಂದು ಎಳೆಯುತ್ತಾರೆ, ಎಳೆದರೆ ತಾಳ ತಪ್ಪುತ್ತದೆ. 'ಫು' ಹೇಳುವಾಗ ಕೆಳತುಟಿಯನ್ನು ಹಲ್ಲಿಗೆ ತಾಗಿಸದೆ ದೀಪ ಆರಿಸುವ ಹಾಗೆ ಊದಿ. ಕ್ಯ, ರ್ಯ ಬಂದಾಗ ನಮ್ಮ ಛಂದಸ್ಸಿನಂತೆ ಹಿಂದಿನ ಅಕ್ಷರ ಗುರುವಾಗುವುದಿಲ್ಲ. ಸೊಸೆಯಿಂದ ಸಾಲುಸಾಲಿನ ಅರ್ಥ ಬರೆಸಿಕೊಂಡು ಎಲ್ಲರಿಗೂ ಹಂಚಿ. ಅರ್ಥ ತಿಳಿಯದೆ ಕಂಠಪಾಠ ಮಾಡಿದ ಹಾಡಿನಲ್ಲಿ ಉಸಿರು ತಪ್ಪು ಜಾಗದಲ್ಲಿ ಮುರಿಯುತ್ತದೆ. ಶ್ರುತಿಯನ್ನು ನಿಮ್ಮ ಮಾಮೂಲಿ ಐದೂವರೆ ಮನೆಗೆ ಕಟ್ಟಿಹಾಕಬೇಡಿ. ಹಾಡಿನ ಅತಿ ಎತ್ತರದ ಸ್ವರ ನಿಮ್ಮ ಗುಂಪಿನಲ್ಲಿ ಸಲೀಸಾಗಿ ಎಲ್ಲಿ ಬರುತ್ತದೆ ನೋಡಿ, ಅಲ್ಲಿಂದ ಷಡ್ಜ ಇಳಿಸಿ. ಗಮಕ ಬೇಡ. ಒಂದೇ ಒಂದು ಕಂಪಿತ ಸೇರಿದರೂ ಕೆಳಗಿನ ಪಿಯಾನೊಗೂ ನಿಮಗೂ ಜಗಳ.

ಎರಡನೆಯ ದಾರಿ, ಅರಾಶಿಯ ಮಟ್ಟಿಗೆ ಕನ್ನಡ ಸಾಹಿತ್ಯ. ಮನೆಯಲ್ಲಿ ಗುನುಗಿಕೊಳ್ಳಲು ಯಾರೂ ಬೇಡವೆನ್ನುವುದಿಲ್ಲ. ವೇದಿಕೆಗೆ ತರುವುದನ್ನು ನಾನು ಸಲಹೆ ಮಾಡಲಾರೆ. ಅನುವಾದ, ರೂಪಾಂತರದ ಹಕ್ಕು ಹಾಡಿನ ಒಡೆಯರದು. ಜಪಾನಿನಲ್ಲಿ ಹಾಡುಗಳ ಹಕ್ಕನ್ನು ನೋಡಿಕೊಳ್ಳುವ ದೊಡ್ಡ ಸಂಸ್ಥೆ ಜಾಸ್ರಾಕ್. ಸಾಹಿತ್ಯ ಬದಲಿಸಲು ಅವರ ಅನುಮತಿಯೂ ಸಾಲದು, ಬರೆದವರನ್ನೇ ಕೇಳಬೇಕಾಗುತ್ತದೆ. ಬಡಾವಣೆಯ ಮಂಡಳಿಗೆ ಆ ಪತ್ರವ್ಯವಹಾರ ದೂರದ ಮಾತು.

ಕನ್ನಡದಲ್ಲೇ ಹಾಡಬೇಕೆಂಬ ಹಟವಿದ್ದರೆ ನಿಮ್ಮ ಮಗ ಹೇಳಿದ 1914ರ ಹಾಡನ್ನೇ ತೆಗೆದುಕೊಳ್ಳಿ. ಒಕಾನೊ ತೀರಿಕೊಂಡದ್ದು 1941ರಲ್ಲಿ, ತಕಾನೊ 1947ರಲ್ಲಿ. ಕರ್ತೃವಿನ ಮರಣಾನಂತರ ನಮ್ಮ ದೇಶದಲ್ಲಿ ಹಕ್ಕು ಉಳಿಯುವುದು 60 ವರ್ಷ. ಜಪಾನಿನಲ್ಲಿ ಈಗ 70 ವರ್ಷವಾದರೂ ಅದಕ್ಕೆ ಮೊದಲೇ ಅವಧಿ ಮುಗಿದ ಕೃತಿಗಳಿಗೆ ಹಕ್ಕು ಮರಳುವುದಿಲ್ಲ. ಹಾಗಾಗಿ ಮಟ್ಟು, ಸಾಹಿತ್ಯ ಎರಡೂ ಮುಕ್ತ. ಇತ್ತೀಚಿನವರು ಮಾಡಿದ ವಾದ್ಯಸಂಯೋಜನೆ ಮಾತ್ರ ಎತ್ತಿಕೊಳ್ಳಬೇಡಿ. ಒಕಾನೊ ಟೋಕಿಯೊದ ಚರ್ಚೊಂದರಲ್ಲಿ ದಶಕಗಳ ಕಾಲ ಆರ್ಗನ್ ನುಡಿಸಿದವರು, ಹಾಡಿನಲ್ಲಿ ಕ್ರೈಸ್ತ ಸ್ತೋತ್ರಗಳ ನಡೆ ಕೇಳುತ್ತದೆ. ಮಧ್ಯಮವೂ ನಿಷಾದವೂ ಬರುತ್ತವೆ. ಜಪಾನಿನ ಅತಿ ಪ್ರಸಿದ್ಧ ಊರಿನ ಹಾಡೇ ಮೋಹನದೊಳಗೆ ನಿಲ್ಲುವುದಿಲ್ಲ ಎನ್ನುವುದನ್ನು ಮೇಷ್ಟ್ರ ಕಿವಿಗೆ ಹಾಕಿ. ಮೂರೆಣಿಕೆಯ ನಡೆಗೆ ಕನ್ನಡ ಚೆನ್ನಾಗಿ ಕೂರುತ್ತದೆ. ಮೊಲ, ಮೀನು ನಮ್ಮ ಮಲೆನಾಡಿಗೂ ಹೊಸತಲ್ಲ, ತುಂಗೆಯ ದಂಡೆಯ ನಿಮಗೆ ಸಾಹಿತ್ಯಕ್ಕೆ ಬರವಿಲ್ಲ.

ಕೊನೆಗೆ ನೀವು ಸಂಕೋಚದಿಂದ ಕೇಳಿದ್ದು. ವೃಂದಗಾನದ ಮಕ್ಕಳನ್ನು ಹತ್ತಿರದಿಂದ ನೋಡಿದವಳಾಗಿ ಹೇಳುತ್ತೇನೆ: ಆ ವಯಸ್ಸಿನ ಮಗು ಹಾಡುವಾಗ ಅದರ ಗಮನವಿರುವುದು ಉಸಿರು ಎಲ್ಲಿ ತೆಗೆಯಬೇಕು, ಟೀಚರ್ ಕೈ ಯಾವಾಗ ಎತ್ತುತ್ತಾರೆ, ಪಕ್ಕದವಳು ಯಾಕೆ ನಗುತ್ತಿದ್ದಾಳೆ ಎಂಬುದರ ಮೇಲೆ. ಊರಿನ ಹಂಬಲ ಊರು ಬಿಟ್ಟ ದೊಡ್ಡವರ ಕಾಯಿಲೆ. ಹಾಡಿನಲ್ಲಿ ಊರಿನ ಹೆಸರಿಲ್ಲದ ಕಾರಣ ಅವಳು ನಗೋಯಾವನ್ನೂ ತುಂಬಿಕೊಳ್ಳಬಹುದು, ರಜೆಯಲ್ಲಿ ಬಂದಾಗ ನೋಡಿದ ನಿಮ್ಮ ಹಿತ್ತಲನ್ನೂ ತುಂಬಿಕೊಳ್ಳಬಹುದು. ಒಂದು ಬಂದರೆ ಇನ್ನೊಂದು ಹೋಗಬೇಕೆಂದಿಲ್ಲ. ನೀವು ಕೇಳಿದಾಗ ನಿಮಗೆ ಕಂಡದ್ದು ಜಪಾನಿನ ಬೆಟ್ಟವೇನಲ್ಲವಲ್ಲ? ಆದರೆ 'ಅದು ಬೇಡ, ನಮ್ಮದು ಹಾಡು' ಎಂದು ಒತ್ತಾಯಿಸಿದರೆ ಮಗು ಎರಡನ್ನೂ ನಿಮ್ಮ ಮುಂದೆ ಹಾಡುವುದನ್ನು ನಿಲ್ಲಿಸುತ್ತದೆ, ಇದನ್ನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಅವಳಿಂದ ನೀವು ಒಂದು ಚರಣ ಕಲಿಯಿರಿ, ಅವಳಿಗೆ ಒಂದು ಕನ್ನಡ ಹಾಡು ಕಲಿಸಿ. ಜಪಾನಿ ಕಲಿಯುವಾಗ ಅವಳೇ ಗುರು, ನೀವು ತಪ್ಪಿದರೆ ತಿದ್ದಲು ಬಿಡಿ.

ಇದನ್ನು ವಿಡಿಯೊ ಕಾಲ್‌ನಲ್ಲಿ ಮಾಡುವಾಗ ಇಬ್ಬರೂ ಒಟ್ಟಿಗೆ ಹಾಡಲು ಹೋಗಬೇಡಿ. ದನಿ ತಲುಪುವುದು ತಡವಾಗುವುದರಿಂದ ತಾಳ ಕೂಡುವುದೇ ಇಲ್ಲ. ಒಬ್ಬರು ಹಾಡಿ ನಿಲ್ಲಿಸಿದ ಮೇಲೆ ಇನ್ನೊಬ್ಬರು. ಜೊತೆಯಾಗಿ ಹಾಡಬೇಕೆನ್ನಿಸಿದರೆ ಅವಳು ಮೊದಲು ರೆಕಾರ್ಡ್ ಮಾಡಿ ಕಳಿಸಲಿ, ಅದನ್ನು ಕೇಳಿಸಿಕೊಳ್ಳುತ್ತ ನೀವು ಹಾಡಿ. ಶ್ರುತಿಪೆಟ್ಟಿಗೆಯ ಒಂದೇ ಸಮನೆಯ ನಾದವನ್ನು ಈ ಆ್ಯಪ್‌ಗಳು ಗದ್ದಲವೆಂದು ತಿಳಿದು ಅಳಿಸಿಹಾಕುತ್ತವೆ, ಸದ್ದು ಕಡಿಮೆ ಮಾಡುವ ಸೆಟ್ಟಿಂಗ್ ಇದ್ದರೆ ಮಗನಿಗೆ ಹೇಳಿ ಆಫ್ ಮಾಡಿಸಿ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಭಜನೆ ಮುಗಿಸಿ ಏಳು ಗಂಟೆಗೆ ಕರೆ ಮಾಡಿದರೆ ಅಲ್ಲಿ ಹತ್ತೂವರೆ, ಮಗು ಮಲಗಿರುತ್ತಾಳೆ. ಮಧ್ಯಾಹ್ನದ ಊಟವಾದ ಮೇಲೆ ಮಾಡಿ.